ತಂತಿ ಒಂದೇ, ಮಾತು ಬೇರೆ

1997ರ ಮಾದರಿಯ ಶೆವರ್ಲೆ ಕೊರ್ವೆಟ್ ಕಾರಿಗೆ ಜನರಲ್ ಮೋಟರ್ಸ್ ಕಂಪನಿ ಎಲ್‌ಎಸ್1 ಎಂಬ ಹೊಸ ಎಂಜಿನ್ ಕೂರಿಸಿತು. 5.7 ಲೀಟರ್, ಎಂಟು ಸಿಲಿಂಡರ್, ಅಲ್ಯೂಮಿನಿಯಂ ಬ್ಲಾಕ್. ತೂಕ ಕಡಿಮೆ, ತಾಕತ್ತು ಹೆಚ್ಚು. ಕೆಲವೇ ವರ್ಷಗಳಲ್ಲಿ ಇದೇ ಕುಟುಂಬದ ಎಂಜಿನ್‌ಗಳು ಆ ಕಂಪನಿಯ ಪಿಕಪ್ ಟ್ರಕ್‌ಗಳಿಗೂ ಬಂದವು. ಅಪಘಾತವಾದ ಗಾಡಿಗಳಿಂದ ಬಿಚ್ಚಿದ ಎಂಜಿನ್‌ಗಳು ಅಮೆರಿಕದ ಗುಜರಿ ಅಂಗಳಗಳಲ್ಲಿ ಅಗ್ಗವಾಗಿ ಸಿಗತೊಡಗಿದವು. ಅವನ್ನು ತಂದು ಮೂವತ್ತು ನಲವತ್ತು ವರ್ಷ ಹಳೆಯ ಕಾರಿಗೆ ಕೂರಿಸುವುದು ಅಲ್ಲಿನ ಸಣ್ಣ ಗ್ಯಾರೇಜುಗಳಿಗೆ ಒಂದು ಕಸುಬೇ ಆಯಿತು.

ಕಬ್ಬಿಣದ ಕೆಲಸ ಅವರಿಗೆ ಕಷ್ಟವಾಗಲಿಲ್ಲ. ಮೌಂಟಿಂಗ್ ಕೂರದಿದ್ದರೆ ಹೊಸ ಬ್ರಾಕೆಟ್ ವೆಲ್ಡ್ ಮಾಡಿದರು, ಆಯಿಲ್ ಪ್ಯಾನ್ ತಗುಲಿದರೆ ಬೇರೆಯದನ್ನು ಹಾಕಿದರು. ಕಾಡಿದ್ದು ಎಲೆಕ್ಟ್ರಾನಿಕ್ಸ್. ಮೊದಲ ವರ್ಷಗಳ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಚಕ್ರ ಸುತ್ತಿಗೆ 24 ಸಂಕೇತ ಕೊಡುತ್ತಿತ್ತು. 2005-06ರ ಸುಮಾರಿಗೆ ಅದು 58 ಆಯಿತು. ಹಳೆಯ ಕಂಪ್ಯೂಟರ್ ಹೊಸ ಎಣಿಕೆಯನ್ನು ಓದದು, ಹೊಸದು ಹಳೆಯದನ್ನು ಓದದು. ಎರಡರ ನಡುವೆ ಕೂತು 58ನ್ನು 24ಕ್ಕೆ ಇಳಿಸಿ ಹೇಳುವ ಪುಟ್ಟ ಪೆಟ್ಟಿಗೆಗಳೇ ಮಾರುಕಟ್ಟೆಗೆ ಬಂದವು. ಅದನ್ನು ದಾಟಿದರೆ ಮೀಟರಿನ ಸಮಸ್ಯೆ. 2000ದ ಪಿಕಪ್‌ನ ಮೀಟರ್ ಬೋರ್ಡು ಒಂದೇ ತಂತಿಯಲ್ಲಿ ಸೆಕೆಂಡಿಗೆ 10,400 ಬಿಟ್ ವೇಗದ ಸಂದೇಶ ಕೇಳಿಸಿಕೊಳ್ಳುತ್ತದೆ. 2007ರ ಎಂಜಿನ್ ಕಂಪ್ಯೂಟರ್ ಎರಡು ತಂತಿಯಲ್ಲಿ ಸೆಕೆಂಡಿಗೆ 5 ಲಕ್ಷ ಬಿಟ್ ವೇಗದಲ್ಲಿ ಮಾತಾಡುತ್ತದೆ. ಎಂಜಿನ್ ಗುಡುಗುತ್ತಿದ್ದರೂ ಮೀಟರಿನ ಮುಳ್ಳು ಸೊನ್ನೆಯಿಂದ ಮೇಲೇಳುವುದಿಲ್ಲ.

ಒಂದೇ ಕಂಪನಿ, ಒಂದೇ ಎಂಜಿನ್ ಕುಟುಂಬ, ನಡುವೆ ಆರೇಳು ವರ್ಷದ ಅಂತರ. ಆದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಈ ಬಿರುಕು ಒಮ್ಮೆಲೇ ಬಿದ್ದದ್ದಲ್ಲ. ತಂತಿಯ ಭಾರ ಇಳಿಸಲು, ಊರಿನ ಗಾಳಿ ಉಳಿಸಲು, ಕಾರುಗಳ್ಳರನ್ನು ತಡೆಯಲು, ಕೊನೆಗೆ ದೂರದಲ್ಲಿ ಕೂತ ಹ್ಯಾಕರ್‌ಗಳನ್ನು ಹೊರಗಿಡಲು ಒಂದೊಂದು ಕಾಲ ಒಂದೊಂದು ಪದರವನ್ನು ಸೇರಿಸಿತು. ಪ್ರತಿ ಪದರಕ್ಕೂ ತಕ್ಕ ಕಾರಣವಿತ್ತು. ಆದರೆ ಆ ಕಾರಣಗಳ ಮರೆಯಲ್ಲಿ ಯಾವ ಸಮರ್ಥನೆಯೂ ಇಲ್ಲದ ಒಂದು ಗುಟ್ಟು ಕೂಡ ಉಳಿದುಕೊಂಡಿತು. ಈ ಕಂಪ್ಯೂಟರ್ ಪೆಟ್ಟಿಗೆಗಳ, ಅಂದರೆ ಕಂಟ್ರೋಲ್ ಮಾಡ್ಯೂಲ್‌ಗಳ ಚರಿತ್ರೆ ಓದುವಾಗ ಇವೆರಡನ್ನೂ ಬೇರ್ಪಡಿಸಿ ನೋಡಬೇಕು.

ಒಂಟಿ ಪೆಟ್ಟಿಗೆಗಳ ಕಾಲ

ಕಾರಿಗೆ ಎಲೆಕ್ಟ್ರಾನಿಕ್ ಮಿದುಳು ಬಂದದ್ದು ಬಿಡಿಬಿಡಿಯಾಗಿ. 1967ರಲ್ಲಿ ಜರ್ಮನಿಯ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ಇಂಜೆಕ್ಷನ್ ವ್ಯವಸ್ಥೆ ಫೋಕ್ಸ್‌ವ್ಯಾಗನ್ 1600ರಲ್ಲಿ ಕಾಣಿಸಿಕೊಂಡಿತು. ಟ್ರಾನ್ಸಿಸ್ಟರುಗಳ ಒಂದು ಪೆಟ್ಟಿಗೆ ಎಷ್ಟು ಪೆಟ್ರೋಲ್ ಬಿಡಬೇಕೆಂದು ಲೆಕ್ಕ ಹಾಕುತ್ತಿತ್ತು, ಅಷ್ಟೇ. 1970ರಲ್ಲಿ ಅಮೆರಿಕದ ಶುದ್ಧ ಗಾಳಿ ಕಾಯ್ದೆ ಬಿಗಿಯಾದ ಮೇಲೆ ಕಾರ್ಬುರೇಟರಿನ ಅಂದಾಜು ಸಾಲದಾಯಿತು. ಹೊಗೆಯನ್ನು ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಗಾಳಿ-ಪೆಟ್ರೋಲಿನ ಪ್ರಮಾಣ ಕೂದಲೆಳೆಯಷ್ಟೂ ತಪ್ಪಬಾರದು. 1978ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸ್‌ಗೆ ಎಲೆಕ್ಟ್ರಾನಿಕ್ ಎಬಿಎಸ್ ಬ್ರೇಕ್ ಬಂತು. 1979ರಲ್ಲಿ ಇಂಧನ ಮತ್ತು ಇಗ್ನಿಷನ್ ಎರಡನ್ನೂ ಒಂದೇ ಡಿಜಿಟಲ್ ಕಂಪ್ಯೂಟರ್ ನೋಡಿಕೊಳ್ಳುವ ಬಾಷ್‌ನ ಮೋಟ್ರಾನಿಕ್, ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಂತು.

ಇವೆಲ್ಲ ಒಂಟಿ ಪೆಟ್ಟಿಗೆಗಳು. ಬ್ರೇಕಿನದು ಬ್ರೇಕಿಗೆ, ಎಂಜಿನ್‌ದು ಎಂಜಿನ್‌ಗೆ. ಒಂದು ಪೆಟ್ಟಿಗೆ ಕೆಟ್ಟರೆ ಅದೇ ಕೆಲಸದ ಇನ್ನೊಂದನ್ನು ತಂದು ಹಾಕಿದರೆ ಸಾಕಿತ್ತು; ಅದು ಯಾವ ವರ್ಷದ್ದು, ಯಾವ ಕಾರಿನದು ಎಂದು ಪಕ್ಕದ ಪೆಟ್ಟಿಗೆ ಕೇಳುತ್ತಿರಲಿಲ್ಲ.

ಮಾತಿನ ಅಗತ್ಯ ಬಂದದ್ದು ಕೆಲಸಗಳು ಒಂದರೊಳಗೊಂದು ಹೆಣೆದುಕೊಂಡಾಗ. ಜಾರುವ ರಸ್ತೆಯಲ್ಲಿ ಚಕ್ರ ಸುಮ್ಮನೆ ತಿರುಗುತ್ತಿದೆ ಎಂದು ಮೊದಲು ಗೊತ್ತಾಗುವುದು ಎಬಿಎಸ್ ಪೆಟ್ಟಿಗೆಗೆ. ಆದರೆ ಶಕ್ತಿ ತಗ್ಗಿಸಬೇಕಾದದ್ದು ಎಂಜಿನ್ ಪೆಟ್ಟಿಗೆ. ಆಟೊಮ್ಯಾಟಿಕ್ ಗೇರ್ ಬದಲಾಗುವ ಕ್ಷಣದಲ್ಲಿ ಎಂಜಿನ್ ಸ್ವಲ್ಪ ತಗ್ಗಿದರೆ ಮಾತ್ರ ಧಕ್ಕೆ ತಪ್ಪುತ್ತದೆ. ಪ್ರತಿ ಸಂಕೇತಕ್ಕೂ ಒಂದು ತಂತಿ ಎಳೆಯುತ್ತ ಹೋದರೆ ದೊಡ್ಡ ಕಾರುಗಳ ವೈರಿಂಗ್ ಕಿಲೋಮೀಟರ್ ಮೀರುತ್ತಿತ್ತು. ತಂತಿ ಹೆಚ್ಚಿದಷ್ಟೂ ತೂಕ, ಕನೆಕ್ಟರ್ ಹೆಚ್ಚಿದಷ್ಟೂ ತುಕ್ಕು ಹಿಡಿಯುವ ಜಾಗ.

ಆಗ ಪ್ರತಿ ಕಂಪನಿಯೂ ತನಗೆ ತೋಚಿದ ದಾರಿ ಹಿಡಿಯಿತು. ಜನರಲ್ ಮೋಟರ್ಸ್ 1981ರ ಹೊತ್ತಿಗೆ ಅಮೆರಿಕದ ತನ್ನ ಬಹುತೇಕ ಪೆಟ್ರೋಲ್ ಕಾರುಗಳಿಗೆ ಕಂಪ್ಯೂಟರ್ ಹಾಕಿ, ದೋಷ ಓದಲು ಒಂದು ಸಾಕೆಟ್ ಕೊಟ್ಟಿತು. ಅದರ ಮೊದಲ ವೇಗ ಸೆಕೆಂಡಿಗೆ ಬರೀ 160 ಬಿಟ್. ಮುಂದೆ ಅದು 8,192ಕ್ಕೆ ಏರಿತು. ಕ್ರೈಸ್ಲರ್ ತನ್ನ ಸಿಸಿಡಿ ಜಾಲಕ್ಕೆ 7,812.5 ಬಿಟ್ ಆರಿಸಿಕೊಂಡಿತು. ಫೋರ್ಡ್ ತನ್ನದೇ ಇನ್ನೊಂದು ವಿಧಾನದಲ್ಲಿ 41,600 ಬಿಟ್ ಕಳಿಸಿತು. ವೇಗ ಬೇರೆ, ವೋಲ್ಟೇಜ್ ಬೇರೆ, ಸಾಕೆಟ್ ಬೇರೆ, ಕೋಡ್ ಬೇರೆ. ನಾಲ್ಕು ಕಂಪನಿಯ ಕಾರು ರಿಪೇರಿ ಮಾಡುವ ಗ್ಯಾರೇಜಿಗೆ ನಾಲ್ಕು ಉಪಕರಣ ಬೇಕಿತ್ತು.

ಡೆಟ್ರಾಯಿಟ್, 1986

ಬಾಷ್‌ನ ಎಂಜಿನಿಯರುಗಳು 1983ರಲ್ಲಿ ಈ ಗೋಜಲಿಗೆ ಉತ್ತರ ಹುಡುಕಲು ಕೂತರು. ಊವೆ ಕೀಂಕೆ, ಸೀಗ್‌ಫ್ರೀಡ್ ಡೈಸ್, ಮಾರ್ಟಿನ್ ಲಿಟ್‌ಶೆಲ್ ಈ ಮೂವರು 1986ರ ಫೆಬ್ರುವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಅಮೆರಿಕದ ಆಟೊಮೊಬೈಲ್ ಎಂಜಿನಿಯರುಗಳ ಸಂಸ್ಥೆಯ ಸಮ್ಮೇಳನದಲ್ಲಿ ತಮ್ಮ ಜಾಲವನ್ನು ಪರಿಚಯಿಸಿದರು. ಕಂಟ್ರೋಲರ್ ಏರಿಯಾ ನೆಟ್‌ವರ್ಕ್, ಸಂಕ್ಷಿಪ್ತವಾಗಿ ಕ್ಯಾನ್. ಮರುವರ್ಷವೇ ಇಂಟೆಲ್ 82526 ಎಂಬ ಚಿಪ್ ತಂದಿತು, ಅದರ ಬೆನ್ನಿಗೇ ಫಿಲಿಪ್ಸ್ ತನ್ನ 82ಸಿ200 ತಂದಿತು. 1990ರ ದಶಕದ ಆರಂಭದಲ್ಲಿ ಮರ್ಸಿಡಿಸ್ ತನ್ನ ದೊಡ್ಡ ಕಾರುಗಳಲ್ಲಿ ಇದನ್ನು ಬಳಸಿತು. 1993ರಲ್ಲಿ ಅದು ಐಎಸ್‌ಒ 11898 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು.

ಬಾಷ್ ಬೆಂಗಳೂರಿಗರಿಗೆ ಅಪರಿಚಿತವಲ್ಲ. 1951ರಲ್ಲಿ ಶುರುವಾದ ಮೈಕೋ ಅದರದೇ ಕೂಸು. ಆಡುಗೋಡಿಯ ಕಾರ್ಖಾನೆಯಲ್ಲಿ ತಯಾರಾದ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪುಗಳನ್ನು ದೇಶದ ಲಾರಿ-ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳು ದಶಕಗಟ್ಟಲೆ ಕೈಯಲ್ಲಿ ಹಿಡಿದಿದ್ದಾರೆ. 2008ರಲ್ಲಿ ಮೈಕೋ ಹೆಸರು ಹೋಗಿ ಬಾಷ್ ಲಿಮಿಟೆಡ್ ಆಯಿತು. ಇಂದು ಅದೇ ಸಮೂಹದ ಬೆಂಗಳೂರಿನ ಸಾಫ್ಟ್‌ವೇರ್ ಘಟಕದಲ್ಲಿ ಜಗತ್ತಿನ ಕಾರುಗಳ ಕಂಟ್ರೋಲ್ ಮಾಡ್ಯೂಲ್‌ಗಳಿಗೆ ಪ್ರೋಗ್ರಾಂ ಬರೆಯಲಾಗುತ್ತದೆ.

ಕ್ಯಾನ್‌ನ ಜಾಣ್ಮೆ ಅದರ ಸರಳತೆಯಲ್ಲಿದೆ. ಹೆಣೆದ ಎರಡು ತಂತಿ. ಎರಡು ತುದಿಗೂ 120 ಓಮ್‌ನ ಒಂದೊಂದು ರೆಸಿಸ್ಟರ್. ಎಲ್ಲ ಮಾಡ್ಯೂಲ್‌ಗಳೂ ಅದೇ ತಂತಿಗೆ ಅಂಟಿಕೊಂಡಿರುತ್ತವೆ, ಯಜಮಾನ ಎಂದು ಯಾರೂ ಇಲ್ಲ. ಸಂದೇಶಕ್ಕೆ ವಿಳಾಸವೂ ಇಲ್ಲ. ಅದರ ತಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಒಳಗೆ ಏನಿದೆ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಬೇಕಾದವರು ಕೇಳಿಸಿಕೊಳ್ಳುತ್ತಾರೆ, ಬೇಡದವರು ಬಿಡುತ್ತಾರೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಚಿಕ್ಕ ಸಂಖ್ಯೆಯದು ಗೆಲ್ಲುತ್ತದೆ; ಸೋತದ್ದು ಸುಮ್ಮನಾಗಿ ಸರದಿ ಕಾಯುತ್ತದೆ. ಗೆದ್ದವನ ಒಂದು ಬಿಟ್ ಕೂಡ ಹಾಳಾಗುವುದಿಲ್ಲ. ಬ್ರೇಕಿನ ಸಂದೇಶಕ್ಕೆ ಚಿಕ್ಕ ಸಂಖ್ಯೆ, ಕಿಟಕಿ ಗಾಜಿನದಕ್ಕೆ ದೊಡ್ಡ ಸಂಖ್ಯೆ ಕೊಟ್ಟರೆ ತುರ್ತಿನ ಮಾತು ಮೊದಲು ತಲುಪುತ್ತದೆ. ಈ ಮೂಲ ಕ್ಯಾನ್‌ನ ಒಂದು ಸಂದೇಶದಲ್ಲಿ ಹೆಚ್ಚೆಂದರೆ 8 ಬೈಟ್, ಗರಿಷ್ಠ ವೇಗ ಸೆಕೆಂಡಿಗೆ 10 ಲಕ್ಷ ಬಿಟ್.

ಕ್ಯಾನ್ ಬಂದ ಮೇಲೆ ಎಲ್ಲ ಕಾರುಗಳೂ ಒಂದೇ ಮಾತಾಡಬಹುದಿತ್ತು. ಹಾಗಾಗಲಿಲ್ಲ.

ಲಿಪಿ ಕೊಟ್ಟರು, ಅರ್ಥ ಕೊಡಲಿಲ್ಲ

ಬಾಷ್ ಬರೆದ ನಿಯಮ ಸಂದೇಶ ಹೇಗೆ ಸಾಗಬೇಕು ಎಂಬುದನ್ನು ಮಾತ್ರ ಹೇಳುತ್ತದೆ. ಯಾವ ಸಂಖ್ಯೆಯ ಸಂದೇಶದಲ್ಲಿ ಏನಿರಬೇಕು ಎಂಬುದನ್ನು ಕಾರು ತಯಾರಕರಿಗೆ ಬಿಟ್ಟಿತು. ತುಳು, ಕೊಂಕಣಿ, ಕೊಡವ ಭಾಷೆಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವುದುಂಟು; ಕನ್ನಡ ಬಲ್ಲವರು ಅಕ್ಷರ ತಪ್ಪದೆ ಓದಿಬಿಡಬಹುದು, ಆದರೆ ಆ ಭಾಷೆ ಬಾರದಿದ್ದರೆ ಹೇಳಿದ್ದೇನೆಂದು ತಿಳಿಯದು. ಕ್ಯಾನ್ ಮಾಡ್ಯೂಲ್‌ಗಳ ಪಾಡೂ ಇದೇ.

ಒಂದು ಕಾರಿನಲ್ಲಿ ಎಂಜಿನ್ನಿನ ಆರ್‌ಪಿಎಂ ಮೊದಲ ಎರಡು ಬೈಟ್‌ಗಳಲ್ಲಿರುತ್ತದೆ, ಇನ್ನೊಂದರಲ್ಲಿ ಕೊನೆಯ ಎರಡರಲ್ಲಿ. ಒಂದರಲ್ಲಿ ನಾಲ್ಕರಿಂದ ಭಾಗಿಸಬೇಕು, ಇನ್ನೊಂದರಲ್ಲಿ ಎಂಟರಿಂದ. ಒಂದು ಸಂದೇಶ ಪ್ರತಿ 10 ಮಿಲಿಸೆಕೆಂಡಿಗೆ ಬರಬೇಕು. ಕೆಲವು ಬಾರಿ ತಪ್ಪಿದರೆ ಕೇಳುವ ಮಾಡ್ಯೂಲ್ ಸಂಪರ್ಕ ಕಡಿದಿದೆ ಎಂದು ದೋಷ ಬರೆದುಕೊಳ್ಳುತ್ತದೆ. ಎಂಜಿನ್ ಕಂಪ್ಯೂಟರ್ ಉತ್ತರಿಸುತ್ತಿಲ್ಲ ಎನ್ನುವ ಯು0100 ಕೋಡ್ ನೋಡದ ಮೆಕ್ಯಾನಿಕ್ ಇಂದು ಅಪರೂಪ. ಹೊಸ ಮಾದರಿ ವಿನ್ಯಾಸ ಮಾಡುವ ತಂಡ ಒಂದು ಬಿಟ್‌ನ ಜಾಗ ಬದಲಿಸಿದರೆ ಸಾಕು, ಹಿಂದಿನ ವರ್ಷದ ಮಾಡ್ಯೂಲ್ ಅದನ್ನು ತಪ್ಪಾಗಿ ಓದುತ್ತದೆ. ಈ ಪಟ್ಟಿ, ಅಂದರೆ ಯಾವ ಸಂಖ್ಯೆಯಲ್ಲಿ ಯಾವ ಬಿಟ್‌ಗೆ ಯಾವ ಅರ್ಥ ಎಂಬ ನಿಘಂಟು, ಕಂಪನಿಯ ಒಳಗಿನ ಕಡತವಾಗಿಯೇ ಉಳಿಯಿತು.

ವೇಗ ತಪ್ಪಿದರೆ ಇನ್ನೂ ಅನಾಹುತ. 5 ಲಕ್ಷ ಬಿಟ್‌ನ ಜಾಲಕ್ಕೆ 1.25 ಲಕ್ಷ ಬಿಟ್‌ನ ಮಾಡ್ಯೂಲ್ ಸಿಕ್ಕಿಸಿದರೆ ಅದಕ್ಕೆ ಎಲ್ಲರ ಮಾತೂ ತಪ್ಪಾಗಿ ಕೇಳುತ್ತದೆ. ತಪ್ಪು ಕಂಡಾಗ ಕೂಗಿ ಹೇಳುವುದು ಕ್ಯಾನ್‌ನ ನಿಯಮ; ಹಾಗಾಗಿ ಅದು ದೋಷ ಸಂಕೇತ ಕಳಿಸಿ ಬೇರೆಯವರ ಸರಿಯಾದ ಸಂದೇಶವನ್ನೂ ಕೆಡಿಸುತ್ತದೆ. ತಪ್ಪಿನ ಲೆಕ್ಕ 255 ದಾಟಿದ ಮಾಡ್ಯೂಲ್ ತಾನಾಗಿ ಜಾಲದಿಂದ ಹೊರಗುಳಿಯುವ ವ್ಯವಸ್ಥೆ ಇದೆಯೆಂಬುದು ಸಮಾಧಾನ. ಒಂದು ತಪ್ಪು ಮಾಡ್ಯೂಲ್ ಹಾಕಿದ ಕಾರಿನಲ್ಲಿ ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಕ್ಯಾಲಿಫೋರ್ನಿಯಾದ ಸಾಕೆಟ್

ಒಂದು ಕಿಟಕಿಯಷ್ಟಾದರೂ ತೆರೆದದ್ದು ಸರ್ಕಾರ. ಹೊಗೆ ಮುಸುಕಿದ ಲಾಸ್ ಏಂಜಲೀಸ್‌ನ ಆಕಾಶ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯನ್ನು ಬಹುಕಾಲದಿಂದ ಚಿಂತೆಗೀಡುಮಾಡಿತ್ತು. ಕಾರು ತನ್ನ ಮಾಲಿನ್ಯ ನಿಯಂತ್ರಣ ಕೆಟ್ಟದ್ದನ್ನು ತಾನೇ ಪತ್ತೆಹಚ್ಚಿ ಚಾಲಕನಿಗೆ ದೀಪ ಹೊತ್ತಿಸಿ ತೋರಿಸಬೇಕು ಎಂಬ ನಿಯಮ 1988ರ ಮಾದರಿಗಳಿಂದ ಅಲ್ಲಿ ಜಾರಿಗೆ ಬಂತು. ಒಬಿಡಿ ಎಂಬ ಈ ಸ್ವಯಂ ತಪಾಸಣೆಯ ಎರಡನೇ ಹಂತದ ನಿಯಮ 1996ರ ಮಾದರಿಗಳ ಹೊತ್ತಿಗೆ ಇಡೀ ಅಮೆರಿಕದ ಹೊಸ ಕಾರುಗಳಿಗೆ ಕಡ್ಡಾಯವಾಯಿತು: ಸ್ಟೀರಿಂಗ್ ಬಳಿ 16 ಪಿನ್‌ನ ಒಂದೇ ಆಕಾರದ ಸಾಕೆಟ್, ಎಲ್ಲರಿಗೂ ಒಂದೇ ದೋಷ ಕೋಡು.

ಆ ಸಾಕೆಟ್ ನೋಡಿದರೆ ಅಂದಿನ ರಾಜಿಯೆಲ್ಲ ಕಣ್ಣಿಗೆ ಬೀಳುತ್ತದೆ. 2 ಮತ್ತು 10ನೇ ಪಿನ್ ಅಮೆರಿಕದ ಕಂಪನಿಗಳ ಹಳೆಯ ವಿಧಾನಕ್ಕೆ. 7 ಮತ್ತು 15 ಯುರೋಪ್, ಏಷ್ಯಾದವರ ಕೆ-ಲೈನ್‌ಗೆ. 6 ಮತ್ತು 14 ಕ್ಯಾನ್‌ಗೆ. ಆಕಾರ ಒಂದೇ ಆದರೂ ಒಳಗೆ ಹಲವು ಮಾತು. ಸ್ಕ್ಯಾನರ್ ಒಂದೊಂದಾಗಿ ಪ್ರಯತ್ನಿಸಿ ಯಾವುದು ಉತ್ತರಿಸುತ್ತದೋ ಅದನ್ನು ಹಿಡಿಯಬೇಕಿತ್ತು. 2008ರ ಮಾದರಿಗಳಿಂದ ಅಮೆರಿಕದಲ್ಲಿ ಕ್ಯಾನ್ ಒಂದೇ ಎಂದಾಯಿತು. ಯುರೋಪ್ 2001ರಲ್ಲಿ ಪೆಟ್ರೋಲ್ ಕಾರುಗಳಿಗೆ ತನ್ನ ನಿಯಮ ತಂದಿತ್ತು. ಭಾರತದಲ್ಲಿ ಬಿಎಸ್-4 ಮಾಲಿನ್ಯ ನಿಯಮದ ಜತೆ 2010ರ ಏಪ್ರಿಲ್‌ನಲ್ಲಿ ಮೊದಲ ಹಂತ, 2013ರ ಏಪ್ರಿಲ್‌ನಲ್ಲಿ ಎರಡನೇ ಹಂತ ಬಂತು. ನಮ್ಮ ಗ್ಯಾರೇಜುಗಳಲ್ಲಿ ಸ್ಕ್ಯಾನರ್ ಹಾಕುವುದು ದಿನದ ಮಾತಾದದ್ದು ಇದರಿಂದಲೇ.

ಈ ನಿಯಮದ ಫಲ ದೊಡ್ಡದು. ಎಂಜಿನ್ ವೇಗ ಎಷ್ಟು ಎಂದು ನಿಗದಿತ ಪ್ರಶ್ನೆ ಕೇಳಿದರೆ 1996ರ ಫೋರ್ಡ್, 2010ರ ಟೊಯೋಟ ಎರಡೂ ಒಂದೇ ಲೆಕ್ಕದಲ್ಲಿ ಉತ್ತರಿಸುತ್ತವೆ: ಬಂದ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ ಆರ್‌ಪಿಎಂ. ಕಾನೂನು ಮನಸ್ಸು ಮಾಡಿದರೆ ಪೈಪೋಟಿಯ ಕಂಪನಿಗಳೂ ಒಂದೇ ಮಾತಾಡಬಲ್ಲವು ಎಂಬುದಕ್ಕೆ ಇದು ಪುರಾವೆ. ಆದರೆ ಈ ಒಪ್ಪಂದ ಹೊಗೆಗೆ ಸಂಬಂಧಿಸಿದ ಪ್ರಶ್ನೋತ್ತರಕ್ಕೆ ಮಾತ್ರ. ಮಾಡ್ಯೂಲ್‌ಗಳು ತಮ್ಮತಮ್ಮೊಳಗೆ ಆಡುವ ಮಾತು ಕಾನೂನಿನ ಕೈಗೆ ಸಿಗಲಿಲ್ಲ.

ಟ್ರಕ್ಕಿನವರು ಹಿಡಿದ ದಾರಿ

ಇದೇ ಕಾಲದಲ್ಲಿ ಲಾರಿಗಳ ಜಗತ್ತು ಬೇರೆಯೇ ದಾರಿ ಹಿಡಿದಿತ್ತು. ಅಮೆರಿಕದಲ್ಲಿ ಭಾರೀ ಟ್ರಕ್ ಕೊಳ್ಳುವವರು ಎಂಜಿನ್ ಕಮ್ಮಿನ್ಸ್‌ದು, ಗೇರ್‌ಬಾಕ್ಸ್ ಆಲಿಸನ್‌ದು, ಬ್ರೇಕ್ ಇನ್ನೊಬ್ಬರದು ಎಂದು ಆರಿಸಿಕೊಳ್ಳುತ್ತಾರೆ. ಮೂರು ಕಂಪನಿಯ ಪೆಟ್ಟಿಗೆಗಳು ಒಂದೇ ಚಾಸಿಸ್‌ನಲ್ಲಿ ಕೂತು ಮಾತಾಡದಿದ್ದರೆ ಗಾಡಿ ಮಾರಾಟವೇ ಆಗದು. ಹೀಗಾಗಿ 1980ರ ದಶಕದಲ್ಲೇ ಸೆಕೆಂಡಿಗೆ 9,600 ಬಿಟ್‌ನ ಸಾಮಾನ್ಯ ಜಾಲವೊಂದು ಬಂತು. 1990ರ ದಶಕದಲ್ಲಿ ಕ್ಯಾನ್ ಮೇಲೆ ಕಟ್ಟಿದ ಜೆ1939 ಎಂಬ ಮಾನದಂಡ ಅದರ ಜಾಗಕ್ಕೆ ಬಂತು.

ಜೆ1939ರಲ್ಲಿ ನಿಘಂಟು ಪ್ರಕಟಿತ. 61444ನೇ ಸಂದೇಶದ ನಾಲ್ಕು ಮತ್ತು ಐದನೇ ಬೈಟ್ ಎಂಜಿನ್ ವೇಗ. ಪ್ರತಿ ಅಂಕಕ್ಕೆ 0.125 ಆರ್‌ಪಿಎಂ. ಇದು ಯಾವ ಕಂಪನಿಯ ಎಂಜಿನ್ ಆದರೂ ಬದಲಾಗದು. ಹೊಸ ಮಾಹಿತಿ ಸೇರಿಸಬೇಕಾದರೆ ಹೊಸ ಸಂಖ್ಯೆ ಕೊಡುತ್ತಾರೆ, ಹಳೆಯದರ ಅರ್ಥ ಕದಲಿಸುವುದಿಲ್ಲ. ಹಾಗಾಗಿ ಹತ್ತು ವರ್ಷ ಹಳೆಯ ಮೀಟರ್ ಹೊಸ ಎಂಜಿನ್ನಿನ ವೇಗ ತೋರಿಸಬಲ್ಲದು. ಭಾರತದ ಹೆದ್ದಾರಿಗಳ ಹೊಸ ಲಾರಿಗಳಲ್ಲೂ ಇದೇ ಜಾಲ ಇದೆ.

ಕೃಷಿ ಯಂತ್ರಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಒಂದು ಕಂಪನಿಯ ಟ್ರ್ಯಾಕ್ಟರಿಗೆ ಇನ್ನೊಂದರ ಬಿತ್ತನೆ ಯಂತ್ರ ಕಟ್ಟುವುದು ರೈತರಿಗೆ ಸಹಜ. ಅದಕ್ಕಾಗಿ ಜೆ1939ರ ತಳಪಾಯದ ಮೇಲೆ ಐಎಸ್‌ಒ 11783, ಅಂದರೆ ಐಸೊಬಸ್ ರೂಪುಗೊಂಡಿತು. 2008ರಲ್ಲಿ ಸ್ಥಾಪನೆಯಾದ ಕೃಷಿ ಎಲೆಕ್ಟ್ರಾನಿಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ತಯಾರಕರು ತಮ್ಮ ಯಂತ್ರಗಳನ್ನು ಒಂದೇ ಸಭಾಂಗಣಕ್ಕೆ ತಂದು, ಒಬ್ಬರದಕ್ಕೆ ಇನ್ನೊಬ್ಬರದನ್ನು ಸಿಕ್ಕಿಸಿ ಪರೀಕ್ಷಿಸುವ ಕೂಟಗಳು ನಡೆಯುತ್ತ ಬಂದಿವೆ. ಕಾರಿನಲ್ಲಿ ಹೀಗಾಗದಿರಲು ಕಾರಣ ತಂತ್ರಜ್ಞಾನದ ಕೊರತೆಯಲ್ಲ. ಎಲ್ಲ ಮಾಡ್ಯೂಲ್‌ಗಳನ್ನೂ ಒಂದೇ ಕಂಪನಿ ಆರಿಸಿ ಜೋಡಿಸುತ್ತದೆ. ಹೊರಗಿನವರ ಜತೆ ಮಾತಾಡುವ ದರ್ದು ಅದಕ್ಕಿಲ್ಲ.

ಕಳ್ಳನಿಗೆ ಹಾಕಿದ ಬೀಗ

ಮುಂದಿನ ಪದರ ಗುರುತಿನದು. ಜನರಲ್ ಮೋಟರ್ಸ್ 1986ರ ಕೊರ್ವೆಟ್‌ನ ಕೀಲಿಯಲ್ಲಿ ಒಂದು ಪುಟ್ಟ ರೆಸಿಸ್ಟರ್ ಹುದುಗಿಸಿತ್ತು. 15 ಬೆಲೆಗಳಲ್ಲಿ ಸರಿಯಾದದ್ದು ಇದ್ದರೆ ಮಾತ್ರ ಗಾಡಿ ಸ್ಟಾರ್ಟ್. 1990ರ ದಶಕದ ಮೊದಲಲ್ಲಿ ಯುರೋಪಿನಲ್ಲಿ ಕಾರು ಕಳವು ಹೆಚ್ಚಿತು. ಕಳವು ತಡೆಯುವ ಸಾಧನ ಬೇಕೆಂದು ಜರ್ಮನಿಯ ವಿಮಾ ಕಂಪನಿಗಳು ಪಟ್ಟು ಹಿಡಿದವು. ಯುರೋಪಿಯನ್ ಒಕ್ಕೂಟದ 95/56 ನಿರ್ದೇಶನದಂತೆ 1998ರ ಅಕ್ಟೋಬರ್‌ನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಸರಿಯಾದ ಕೀಲಿಯಿಲ್ಲದೆ ಎಂಜಿನ್ ಓಡದಂತೆ ತಡೆಯುವ ಎಲೆಕ್ಟ್ರಾನಿಕ್ ಇಮ್ಮೊಬಿಲೈಸರ್ ಕಡ್ಡಾಯವಾಯಿತು. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞರಿಬ್ಬರ ಅಧ್ಯಯನದ ಪ್ರಕಾರ 1995-2008ರ ನಡುವೆ ಇದರಿಂದ ಕಾರುಗಳವು ಸರಾಸರಿ ಶೇ 40ರಷ್ಟು ಇಳಿಯಿತು. ಬೀಗ ಕೆಲಸ ಮಾಡಿತು.

ಅದೇ ಬೀಗ ಮೆಕ್ಯಾನಿಕ್‌ಗೂ ಬಿತ್ತು. ಕೀಲಿಯ ಚಿಪ್, ಮೀಟರ್, ಎಂಜಿನ್ ಕಂಪ್ಯೂಟರ್ ಪರಸ್ಪರ ಗುರುತು ಕೇಳಿ ಒಪ್ಪಿದ ಮೇಲೆಯೇ ಎಂಜಿನ್ ಓಡುತ್ತದೆ. ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಇಮ್ಮೊಬಿಲೈಸರ್ ಬಹುಕಾಲ ಮೀಟರಿನೊಳಗೇ ಕೂತಿತ್ತು. ಮೀಟರ್ ಬದಲಿಸಿದರೆ ಗಾಡಿ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಕೆಲವು ಮಾಡ್ಯೂಲ್‌ಗಳು 17 ಅಕ್ಷರದ ಚಾಸಿಸ್ ಸಂಖ್ಯೆಯನ್ನು ನೆನಪಿಟ್ಟುಕೊಂಡು, ಬೇರೆ ಗಾಡಿಗೆ ಹಾಕಿದಾಗ ಅಸಹಕಾರ ತೋರುತ್ತವೆ. ಗುಜರಿಯಿಂದ ತಂದ ಪೆಟ್ಟಿಗೆ ಪಿನ್‌ಗೆ ಪಿನ್ ಹೊಂದಿದರೂ, ಸಂದೇಶದ ಅರ್ಥ ಒಂದೇ ಆದರೂ, ಅಪರಿಚಿತವಾಗಿಯೇ ಉಳಿಯುತ್ತದೆ.

ದುಭಾಷಿಗಳ ಕಸುಬು

ಇಷ್ಟು ಪದರಗಳನ್ನು ದಾಟಿಸುವುದೇ ಒಂದು ವೃತ್ತಿಯಾಗಿ ಬೆಳೆದದ್ದು ಈ ಚರಿತ್ರೆಯ ಅತ್ಯಂತ ಹೆಮ್ಮೆಯ ಭಾಗ.

ಎಲ್ಲಕ್ಕಿಂತ ಹಳೆಯ, ಭದ್ರವಾದ ಉಪಾಯ ಇಡೀ ಸೆಟ್ ಎತ್ತುವುದು. ಎಂಜಿನ್ ಜತೆಗೆ ಅದೇ ಗಾಡಿಯ ಎಂಜಿನ್ ಕಂಪ್ಯೂಟರ್, ಇಮ್ಮೊಬಿಲೈಸರ್ ಪೆಟ್ಟಿಗೆ, ಕೀಲಿ, ಬೇಕಾದರೆ ಮೀಟರ್ ಕೂಡ. ಒಂದನ್ನೊಂದು ಬಲ್ಲವರು ಒಟ್ಟಿಗೆ ಬಂದರೆ ಜಗಳವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಡೆಟ್ರಾಯಿಟ್‌ನ ಗುಜರಿ ಅಂಗಳದವರೆಗೆ ಅನುಭವಿ ಮೆಕ್ಯಾನಿಕ್ ಬಿಡಿ ಪೆಟ್ಟಿಗೆಗಿಂತ ಸೆಟ್ ಇಷ್ಟಪಡುವುದಕ್ಕೆ ಇದೇ ಕಾರಣ.

ಸೆಟ್ ಸಿಗದಾಗ ಕೇಳಿಸಿಕೊಂಡು ಕಲಿಯಬೇಕು. ಕ್ಯಾನ್‌ನ ಎರಡು ತಂತಿಗೆ ಲ್ಯಾಪ್‌ಟಾಪ್ ಜೋಡಿಸಿ ಹರಿಯುವ ಸಂದೇಶಗಳನ್ನೆಲ್ಲ ದಾಖಲಿಸುತ್ತಾರೆ. ಒಬ್ಬರು ಬ್ರೇಕ್ ಒತ್ತುತ್ತಾರೆ, ಇನ್ನೊಬ್ಬರು ಯಾವ ಬಿಟ್ ಬದಲಾಯಿತೆಂದು ನೋಡುತ್ತಾರೆ. ಎಂಜಿನ್ ವೇಗ ನಿಧಾನಕ್ಕೆ ಏರಿಸಿ ಯಾವ ಎರಡು ಬೈಟ್ ಜತೆಗೇ ಏರಿತೆಂದು ಗುರುತಿಸುತ್ತಾರೆ. ಕೆಲವು ಸಂದೇಶಗಳಲ್ಲಿ ಪ್ರತಿ ಬಾರಿಯೂ ಒಂದೊಂದು ಹೆಚ್ಚುವ ಎಣಿಕೆ, ಕೊನೆಯಲ್ಲಿ ತಾಳೆ ನೋಡುವ ಮೊತ್ತ ಇರುತ್ತದೆ. ಆ ಲೆಕ್ಕದ ಸೂತ್ರ ಕಂಡುಹಿಡಿಯುವವರೆಗೆ ಕೇಳುವ ಮಾಡ್ಯೂಲ್ ಸಂದೇಶವನ್ನು ನಂಬುವುದಿಲ್ಲ. ಕಂಪನಿಯ ಕಡತದಲ್ಲಿ ಸಿದ್ಧವಾಗಿರುವ ನಿಘಂಟನ್ನು ಗ್ಯಾರೇಜಿನ ನೆಲದಲ್ಲಿ ಪದಪದವಾಗಿ ಮತ್ತೆ ಬರೆಯುವ ಕೆಲಸ ಇದು.

ನಿಘಂಟು ಸಿಕ್ಕ ಮೇಲೆ ಬರುವುದು ಗೇಟ್‌ವೇ. ಎರಡೂ ಜಾಲಗಳಿಗೆ ಒಂದೊಂದು ಬಾಯಿಯಿರುವ ಪುಟ್ಟ ಕಂಪ್ಯೂಟರ್ ಒಂದು ಬದಿಯಿಂದ 2007ರ ಸಂದೇಶ ತೆಗೆದುಕೊಂಡು, ಲೆಕ್ಕ ಬದಲಿಸಿ, ಇನ್ನೊಂದು ಬದಿಗೆ 2000ದ ಮಾತಿನಲ್ಲಿ, ಅದೇ ಲಯದಲ್ಲಿ ಹೇಳುತ್ತದೆ. ಇದು ಕಳ್ಳದಾರಿಯೇನಲ್ಲ, ಕಂಪನಿಗಳೇ ಮಾಡಿದ್ದು. 2003ರಲ್ಲಿ ಬಂದ ಐದನೇ ಪೀಳಿಗೆಯ ಫೋಕ್ಸ್‌ವ್ಯಾಗನ್ ಗಾಲ್ಫ್‌ನಲ್ಲಿ 5 ಲಕ್ಷ ಬಿಟ್‌ನ ಎಂಜಿನ್ ಜಾಲವನ್ನೂ 1 ಲಕ್ಷ ಬಿಟ್‌ನ ಬಾಗಿಲು-ಕಿಟಕಿಗಳ ಜಾಲವನ್ನೂ ಗೇಟ್‌ವೇ ಮಾಡ್ಯೂಲ್ ಬೆಸೆಯುತ್ತಿತ್ತು.

ಈ ಕಸುಬಿನಲ್ಲಿ ಮಲ್ಟಿಮೀಟರಿಗೆ ಇಂದಿಗೂ ಮೊದಲ ಮರ್ಯಾದೆ. ಬ್ಯಾಟರಿ ಕಳಚಿ 6 ಮತ್ತು 14ನೇ ಪಿನ್ ನಡುವೆ ಅಳೆದರೆ 60 ಓಮ್ ತೋರಬೇಕು, ಏಕೆಂದರೆ 120ರ ಎರಡು ರೆಸಿಸ್ಟರುಗಳು ಸಮಾಂತರವಾಗಿವೆ. 120 ತೋರಿದರೆ ಒಂದು ತುದಿ ಕಡಿದಿದೆ. 40 ತೋರಿದರೆ ಬೇರೆ ಕಾರಿನಿಂದ ತಂದ ಮಾಡ್ಯೂಲ್ ತನ್ನೊಳಗೆ ಮೂರನೆಯದೊಂದನ್ನು ಹೊತ್ತು ತಂದಿದೆ.

ಹೊಸ ಕೋಟೆ, ಹಳೆಯ ಹಕ್ಕು

ಕ್ಯಾನ್ ಹುಟ್ಟಿದಾಗ ಕಾರಿನೊಳಗಿನವರೆಲ್ಲ ನಂಬಿಗಸ್ತರು ಎಂಬ ಭಾವನೆ ಇತ್ತು. ಸಂದೇಶ ಯಾರು ಕಳಿಸಿದರೆಂದು ಅದು ಕೇಳುವುದೇ ಇಲ್ಲ. 2010ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಜಾಲದೊಳಗೆ ನುಗ್ಗಿದವರು ಬ್ರೇಕ್ ಕೂಡ ನಿಷ್ಕ್ರಿಯ ಮಾಡಬಲ್ಲರೆಂದು ತೋರಿಸಿದರು. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಾಸೆಕ್ ಓಡುತ್ತಿದ್ದ ಜೀಪ್ ಚೆರೋಕಿಯನ್ನು ಮೊಬೈಲ್ ಜಾಲದ ಮೂಲಕ ದೂರದಿಂದಲೇ ಹತೋಟಿಗೆ ತೆಗೆದುಕೊಂಡರು. 14 ಲಕ್ಷ ಗಾಡಿಗಳನ್ನು ಕಂಪನಿ ವಾಪಸ್ ಕರೆಯಬೇಕಾಯಿತು. ನಂತರದ ಮಾದರಿಗಳಲ್ಲಿ ಒಬಿಡಿ ಸಾಕೆಟ್‌ಗೂ ಜಾಲಕ್ಕೂ ನಡುವೆ ಕಾವಲು ಗೇಟ್‌ವೇ ಬಂತು. ವಿಶ್ವಸಂಸ್ಥೆಯ ಆರ್155 ನಿಯಮ 2024ರ ಜುಲೈ ಹೊತ್ತಿಗೆ ಯುರೋಪಿನ ಹೊಸ ಕಾರುಗಳಿಗೆಲ್ಲ ಸೈಬರ್ ಭದ್ರತೆಯನ್ನು ಕಡ್ಡಾಯ ಮಾಡಿತು. ಈಗ ಕೆಲವು ಸಂದೇಶಗಳಿಗೆ ರಹಸ್ಯ ಸಹಿಯೇ ಇರುತ್ತದೆ. ಕೇಳಿಸಿಕೊಂಡು ಕಲಿಯುವವರಿಗೆ ಅದನ್ನು ಅನುಕರಿಸಲು ಬಾರದು.

ದುರಸ್ತಿ ಮಾಡುವವರ ಹಕ್ಕಿನ ಹೋರಾಟವೂ ಜತೆಜತೆಗೇ ಸಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ, ಮತ್ತೆ 2020ರಲ್ಲಿ ಭಾರೀ ಬಹುಮತದಿಂದ, ಕಾರಿನ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂದು ತೀರ್ಮಾನಿಸಿದರು. 2023ರ ಅಕ್ಟೋಬರ್ 5ರಂದು ಯುರೋಪಿನ ನ್ಯಾಯಾಲಯ, ಕಂಪನಿಯ ಸರ್ವರ್‌ನಲ್ಲಿ ನೋಂದಣಿಯಂಥ, ನಿಯಮದಲ್ಲಿ ಇಲ್ಲದ ಷರತ್ತು ಹಾಕಿ ಒಬಿಡಿ ಮಾಹಿತಿ ತಡೆಯುವಂತಿಲ್ಲ ಎಂದಿತು. ಭಾರತ ಈ ವಿಚಾರದಲ್ಲಿ ಹಿಂದೆ ಬಿದ್ದಿರಲಿಲ್ಲ: 2014ರ ಆಗಸ್ಟ್‌ನಲ್ಲೇ ಭಾರತೀಯ ಸ್ಪರ್ಧಾ ಆಯೋಗ, ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ಪ್ರಕರಣ ಮೇಲ್ಮನವಿಗೆ ಹೋಯಿತು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿದಾಗ ಅದರ ವ್ಯಾಪ್ತಿಯಲ್ಲಿ ವಾಹನ, ಕೃಷಿ ಯಂತ್ರ ಎರಡೂ ಇದ್ದವು.

ಐದು ದಶಕಗಳಿಗೂ ಮೀರಿದ ಈ ಚರಿತ್ರೆ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ. ಬೀಗ ಬೇರೆ, ನಿಘಂಟು ಬೇರೆ. ಕೀಲಿಯ ರಹಸ್ಯವನ್ನೂ ಬ್ರೇಕಿನ ಸಂದೇಶದ ಸಹಿಯನ್ನೂ ಕಂಪನಿಗಳು ಕಾಯಲಿ. ಜನರ ಜೀವ, ಆಸ್ತಿ ಅದರಲ್ಲಿದೆ. ಆರ್‌ಪಿಎಂ ಯಾವ ಬೈಟ್‌ನಲ್ಲಿದೆ, ಕೂಲಂಟಿನ ಬಿಸಿ ಯಾವ ಲೆಕ್ಕದಲ್ಲಿದೆ ಎಂಬುದನ್ನು ಮುಚ್ಚಿಡುವುದರಿಂದ ಯಾವ ಕಳ್ಳನನ್ನೂ ತಡೆದಂತಾಗುವುದಿಲ್ಲ. ಲಾರಿಗಳಲ್ಲಿ ಅದು ಮೂರು ದಶಕಗಳಿಂದ ಎಲ್ಲರ ಕೈಗೆಟಕುವಂತಿದೆ. ತಯಾರಿಕೆ ನಿಂತ ಮಾದರಿಗಳ ನಿಘಂಟನ್ನು ಪ್ರಕಟಿಸಬೇಕು, ಗುಜರಿಯಿಂದ ನ್ಯಾಯವಾಗಿ ಕೊಂಡ ಮಾಡ್ಯೂಲನ್ನು ಮಾಲೀಕನ ದಾಖಲೆ ನೋಡಿ ಹೊಸ ಗಾಡಿಗೆ ಹೊಂದಿಸಿಕೊಡುವ ವ್ಯವಸ್ಥೆ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕು. ದೆಹಲಿಯಲ್ಲಿ ರೂಪುಗೊಳ್ಳುವ ದುರಸ್ತಿ ಹಕ್ಕಿನ ನಿಯಮದಲ್ಲಿ ಇವೆರಡು ಸಾಲು ಸೇರಿದರೆ, ಓಡಬಲ್ಲ ಎಷ್ಟೋ ಗಾಡಿಗಳು ಒಂದು ಪೆಟ್ಟಿಗೆಯ ಕಾರಣಕ್ಕೆ ಗುಜರಿ ಸೇರುವುದು ತಪ್ಪುತ್ತದೆ.